ಆ ಮೌತ್ ಆರ್ಗನ್ ನುಡಿಸಿದ್ದು ನಾನಲ್ಲ

ಆಗಸ್ಟ್ 3, ಭಾನುವಾರ, ಬೆಳಿಗ್ಗೆ 9 ಗಂಟೆ 40 ನಿಮಿಷಕ್ಕೆ ಇದನ್ನು ಬರೆಯಲು ಕುಳಿತೆ. ಮೊದಲಿಗೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೇಳುವುದೇ ಇಲ್ಲ — ನಮ್ಮ ಬ್ಲೂಸ್ ಆಲ್ಬಂನ ಐದನೆಯ ಹಾಡಿನಲ್ಲಿ ಕೇಳುವ ಮೌತ್ ಆರ್ಗನ್ ನನ್ನದಲ್ಲ. ಮೂರು ವರ್ಷ ಅದು ನನ್ನ ಹೆಸರಿನಲ್ಲಿತ್ತು. ನುಡಿಸಿದವರು ರುದ್ರಯ್ಯನವರು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅವರ ಎದುರಿಗೇ ಕುಳಿತು, ಮೂವರು ಸ್ನೇಹಿತರು ಕೇಳುತ್ತಿರುವಾಗ, ಡೈರಿಯಲ್ಲಿ ಬರೆದದ್ದನ್ನು ಅದಲುಬದಲು ಮಾಡಿ ಓದಿದೆ. ಅವರು ಡೈರಿಯನ್ನು ನಂಬಿದರು. ತಮ್ಮ ಕಿವಿಯನ್ನು ನಂಬುವುದನ್ನು ಬಿಟ್ಟರು.

ನಾನು ಒಂಬತ್ತನೆಯ ತರಗತಿಯಿಂದ ಡೈರಿ ಬರೆಯುತ್ತಿದ್ದೇನೆ. ದಿನ, ಗಂಟೆ, ಎಷ್ಟು ಸಲ, ಯಾರು ಇದ್ದರು — ಇಷ್ಟೇ ಬರೆಯುತ್ತೇನೆ, ಭಾವನೆಗಳನ್ನಲ್ಲ. ವಿಜಯನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ರಕ್ತ ತೆಗೆದು, ಟ್ಯೂಬಿಗೆ ಹೆಸರಿನ ಲೇಬಲ್ ಅಂಟಿಸುತ್ತೇನೆ. ಒಬ್ಬರ ಲೇಬಲ್ ಇನ್ನೊಬ್ಬರ ಟ್ಯೂಬಿಗೆ ಹೋಗಬಾರದು — ಸೇರಿದ ಮೊದಲ ದಿನ ಅಲ್ಲಿ ಹೇಳಿಕೊಟ್ಟದ್ದು ಇದೊಂದನ್ನೇ. ಐದು ವರ್ಷದಲ್ಲಿ ಅಲ್ಲಿ ಒಂದು ತಪ್ಪನ್ನೂ ಮಾಡಿಲ್ಲ. ಹೆಮ್ಮೆಯಿಂದ ಹೇಳುತ್ತಿಲ್ಲ. ಲೇಬಲ್ ಬದಲಾದರೆ ಒಬ್ಬ ಮನುಷ್ಯನಿಗೆ ಏನಾಗಬಹುದೆಂದು ನನಗೆ ಗೊತ್ತಿರಲಿಲ್ಲ ಎಂದು ಯಾರೂ ಅಂದುಕೊಳ್ಳದಿರಲಿ ಎಂದು ಹೇಳುತ್ತಿದ್ದೇನೆ.

ನಮ್ಮದು ನಾಲ್ವರ ಗುಂಪು. ಕಿರಣ್ ಗಿಟಾರ್ ನುಡಿಸುತ್ತಾನೆ. ಬಸವೇಶ್ವರನಗರದಲ್ಲಿ ಅವನ ಮನೆಯ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕದ ಕೋಣೆಯೇ ನಮ್ಮ ಸ್ಟುಡಿಯೊ — ಗೋಡೆಗೆ ಹಳೆಯ ಹಾಸಿಗೆಗಳು, ಕಿಟಕಿಗೆ ಕಂಬಳಿ. ದಿವ್ಯಾ ಹಾಡು ಬರೆದು ಹಾಡುತ್ತಾಳೆ. ಮಧು ಡ್ರಮ್ಸ್. ನಾನು ಮೌತ್ ಆರ್ಗನ್. ಭಾನುವಾರಗಳಂದು ಸೇರಿ ನಮ್ಮ ಈ ಪಶ್ಚಿಮ ಬೆಂಗಳೂರಿನ ಬಗ್ಗೆ ಒಂದು ಆಲ್ಬಂ ಮಾಡಬೇಕೆಂದು ಹೊರಟಿದ್ದೆವು. ಏಳು ಹಾಡು, ಏಳು ಜಾಗ. ಬ್ಲೂಸ್ ಎಂದರೆ ಏನೆಂದು ಕಿರಣ್‌ನ ಅಮ್ಮ ಕೇಳಿದಾಗ ದಿವ್ಯಾ ಹೇಳಿದ್ದನ್ನು ಡೈರಿಯಲ್ಲಿ ಬರೆದಿಟ್ಟಿದ್ದೇನೆ: "ಆಂಟಿ, ಒಂದೇ ಸಂಕಟಾನ ಎರಡು ಸಲ ಹೇಳೋದು, ಮೂರನೇ ಸಾಲಲ್ಲಿ ಅದಕ್ಕೆ ಉತ್ತರ ಕೊಡೋದು." ಆಂಟಿ, "ನಮ್ಮತ್ತೆ ದಿನಾ ಅದನ್ನೇ ಮಾಡ್ತಿದ್ರಲ್ಲಮ್ಮ," ಎಂದರು.

ಐದನೆಯ ಹಾಡು ಮಾಗಡಿ ರಸ್ತೆಯದು.

ಕಾಮಾಕ್ಷಿಪಾಳ್ಯ ದಾಟ್ಲಿಲ್ಲ, ಬಸ್ಸು ನಿಂತೇಹೋಯ್ತು
ಕಾಮಾಕ್ಷಿಪಾಳ್ಯ ದಾಟ್ಲಿಲ್ಲ, ಬಸ್ಸು ನಿಂತೇಹೋಯ್ತು
ಕಿಟಕೀಲಿ ಮನೆ ಕಾಣ್ತಿತ್ತು, ಇಳಿಯೋಕೆ ಸ್ಟಾಪೇ ಇಲ್ದೆಹೋಯ್ತು

ಎರಡನೆಯ ಚರಣ ಮುಗಿದ ಮೇಲೆ ಉಳಿದ ವಾದ್ಯಗಳೆಲ್ಲ ತಗ್ಗಿ, ಮೌತ್ ಆರ್ಗನ್ ಒಂದೇ ಮುಂದೆ ಬರುತ್ತದೆ. ಇಡೀ ಆಲ್ಬಂನಲ್ಲಿ ಮೌತ್ ಆರ್ಗನ್ನಿಗೆ ಇದ್ದ ಸೋಲೋ ಅದೊಂದೇ. ನಲವತ್ತೆಂಟು ಸೆಕೆಂಡು.

ಈ ಗುಂಪಿನಲ್ಲಿ ನನ್ನ ನಿಜವಾದ ಕೆಲಸ ಮೌತ್ ಆರ್ಗನ್ ಆಗಿರಲಿಲ್ಲ. ಯಾವ ದಿನ ಯಾವ ಹಾಡು, ಎಷ್ಟನೆಯ ಟೇಕ್, ಯಾರು ಎಲ್ಲಿ ತಪ್ಪಿದರು ಎಂದು ಬರೆದುಕೊಳ್ಳುವುದು ನನ್ನ ಕೆಲಸ. ಮಧು ನನ್ನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. "ಏ ರೆಕಾರ್ಡ್ ರೂಮ್, ಹೋದ್ ವಾರ ನಾನ್ ಎಷ್ಟೊತ್ತಿಗೆ ಬಂದೆ?" ಎನ್ನುವನು. "11:25. ಬರ್ತೀನಿ ಅಂದಿದ್ದು 10:30," ಎನ್ನುವೆ. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ನನ್ನ ನುಡಿಸುವಿಕೆಯ ಬಗ್ಗೆ ಯಾರೂ ಏನನ್ನೂ ಹೇಳುತ್ತಿರಲಿಲ್ಲ — ಒಳ್ಳೆಯದನ್ನೂ, ಕೆಟ್ಟದನ್ನೂ.

ಬೀಜ ಹಾಕುವ ಪದ್ಧತಿಯನ್ನು ಶುರುಮಾಡಿದ್ದು ನಾನೇ. ಒಂದೇ ಭಾಗಕ್ಕೆ ಎರಡು ಟೇಕ್ ಇದ್ದಾಗ ಯಾವುದನ್ನು ಇಟ್ಟುಕೊಳ್ಳುವುದು ಎಂದು ಮೊದಲ ತಿಂಗಳು ಜಗಳವಾಗುತ್ತಿತ್ತು. ಆಗ ನಾನು ಹೇಳಿದೆ — ಯಾರದೆಂದು ಗೊತ್ತಿಲ್ಲದೆ ಕೇಳೋಣ. ಉಳಿದವರು ಕೆಳಗೆ ಕಾಫಿಗೆ ಹೋಗಬೇಕು. ನಾನು ಎರಡೂ ಟೇಕ್ ರೆಕಾರ್ಡ್ ಮಾಡಿ, ಚೀಟಿ ಎತ್ತಿ, ಒಂದಕ್ಕೆ ಎ, ಇನ್ನೊಂದಕ್ಕೆ ಬಿ ಎಂದು ಗುರುತಿಟ್ಟು, ಯಾವುದು ಯಾರದೆಂದು ಡೈರಿಯಲ್ಲಿ ಬರೆದು ಪುಟ ಮಡಚುತ್ತೇನೆ. ಚೀಟಿಯನ್ನು ಬೇರೆ ಯಾರೂ ನೋಡುವಂತಿಲ್ಲ. ಅವರು ಮೇಲೆ ಬಂದು ಎರಡನ್ನೂ ಕೇಳಿ, ಎ, ಬಿ ಎಂದು ಬರೆದ ಎರಡು ಸ್ಟೀಲ್ ಲೋಟಗಳಲ್ಲಿ ತಮಗೆ ಬೇಕಾದದ್ದಕ್ಕೆ ಒಂದೊಂದು ಹುಣಸೆಬೀಜ ಹಾಕುತ್ತಾರೆ. ನುಡಿಸಿದವರಿಗೆ ಬೀಜವಿಲ್ಲ. ಕೊನೆಗೆ ನಾನು ಪುಟ ಬಿಚ್ಚಿ ಓದುತ್ತೇನೆ. ಓದಿದ ಮೇಲೆ ಮಾತಿಲ್ಲ.

ಹದಿನಾರು ಸಲ ಹಾಗೆ ಮಾಡಿದ್ದೆವು. ಹದಿನಾರು ಸಲವೂ ಬರೆದದ್ದನ್ನೇ ಓದಿದ್ದೆ. ಒಮ್ಮೆ ದಿವ್ಯಾ ತಾನು ತುಂಬ ಇಷ್ಟಪಟ್ಟು ಹಾಡಿದ ಟೇಕ್ ಬಿದ್ದುಹೋದಾಗ ಕಣ್ಣು ಒರೆಸಿಕೊಂಡು, "ಪುಸ್ತಕ ಹೇಳಿದ್ಮೇಲೆ ಮುಗೀತು ಬಿಡೇ," ಎಂದಿದ್ದಳು. ಆ ನಂಬಿಕೆ ಹದಿನಾರು ಸಲದಲ್ಲಿ ಬೆಳೆದದ್ದು. ಹದಿನೇಳನೆಯ ಸಲ ನಾನು ಅದನ್ನು ಬಳಸಿಕೊಂಡೆ.

ರುದ್ರಯ್ಯನವರನ್ನು ಗುಂಪಿಗೆ ಕರೆತಂದವಳೂ ನಾನೇ. ಮೂರು ವರ್ಷದ ಹಿಂದೆ, ಫೆಬ್ರವರಿ 8, ಮಂಗಳವಾರ, ಬೆಳಿಗ್ಗೆ 7:50. ಸಕ್ಕರೆಯ ಪರೀಕ್ಷೆಗೆ ಲ್ಯಾಬಿಗೆ ಬಂದಿದ್ದರು. ಅರವತ್ತನಾಲ್ಕು ವರ್ಷ, ಹಣೆಯ ಮೇಲೆ ವಿಭೂತಿ, ತೋಳು ಮಡಚಿದ ಬಿಳಿ ಅಂಗಿ. ನಾನು ಸೂಜಿ ಎತ್ತಿದಾಗ ಇನ್ನೊಂದು ಕೈಯಲ್ಲಿ ಅಂಗಿಯ ಜೇಬನ್ನು ಮುಚ್ಚಿಕೊಂಡರು.

"ಅಂಕಲ್, ಚುಚ್ಚೋದು ಜೇಬಿಗಲ್ಲ."

"ಗೊತ್ತಮ್ಮ. ನಾನು ಬಿದ್ರೆ ಪರ್ವಾಗಿಲ್ಲ, ಇದು ಬೀಳ್ಬಾರ್ದು," ಎಂದು ಮೌತ್ ಆರ್ಗನ್ ತೆಗೆದು ತೋರಿಸಿದರು.

ತಿಂಡಿ ತಿಂದು ಎರಡು ಗಂಟೆ ಬಿಟ್ಟು ಮತ್ತೊಮ್ಮೆ ರಕ್ತ ಕೊಡಬೇಕಿತ್ತು. ಆ ಎರಡು ಗಂಟೆ ಹೊರಗಿನ ಮೆಟ್ಟಿಲ ಮೇಲೆ ಕುಳಿತು ನುಡಿಸಿದರು. ನಾನು ಬಾಗಿಲ ಹತ್ತಿರ ಹೋಗಿ ನಿಂತೆ. ಉಸಿರಿನಿಂದಲೇ ಸ್ವರವನ್ನು ಕೆಳಕ್ಕೆ ಜಾರಿಸುವುದಕ್ಕೆ ಬಗ್ಗಿಸುವುದು ಎಂದು ಬ್ಲೂಸ್‌ನವರು ಹೇಳುತ್ತಾರಲ್ಲ — ನಾನು ಎರಡು ವರ್ಷದಿಂದ ಫೋನಿನಲ್ಲಿ ನೋಡಿ ನೋಡಿ ಕಲಿಯಲು ಒದ್ದಾಡುತ್ತಿದ್ದದ್ದು — ಅದನ್ನು ಅವರು ಯಾರೂ ಹೇಳಿಕೊಡದೆ, ಹೆಸರೂ ಗೊತ್ತಿಲ್ಲದೆ ಮಾಡುತ್ತಿದ್ದರು. ಮೂವತ್ತೊಂದು ವರ್ಷ ಸಿಟಿ ಬಸ್ಸಿನ ಕಂಡಕ್ಟರ್ ಆಗಿದ್ದವರು, ಅದರಲ್ಲಿ ಹೆಚ್ಚು ವರ್ಷ ಮಾಗಡಿ ರಸ್ತೆಯಲ್ಲೇ. ಈಗ ಬ್ಯಾಡರಹಳ್ಳಿಯಲ್ಲಿ ಮಗಳ ಮನೆಯಲ್ಲಿ ಇದ್ದರು. "ಬ್ಲೂಸಾ? ಅದೇನೋ ಗೊತ್ತಿಲ್ಲಮ್ಮ. ಬಸ್ಸಿನ ಬಗ್ಗೆ ಹಾಡು ಅಂದ್ರೆ ಬರ್ತೀನಿ," ಎಂದರು.

ಫೆಬ್ರವರಿ 20ರಿಂದ ಪ್ರತಿ ಭಾನುವಾರ ಬಂದರು. ಎಲ್ಲರಿಗಿಂತ ಮುಂಚೆ ನಾವಿಬ್ಬರೂ ಸೇರುತ್ತಿದ್ದೆವು, ಅವರು ನನಗೆ ಕಲಿಸುತ್ತಿದ್ದರು. ಏಳು ಭಾನುವಾರ. ಬರೆದಿಟ್ಟಿದ್ದೇನೆ.

"ಉಸ್ರು ಒಳಕ್ಕೆ ಎಳ್ಕೊ. ಬಸ್ಸು ಸ್ಟಾಪಿಗೆ ಬರುವಾಗ ಇಡೀ ಬಸ್ಸು ಮುಂದಕ್ಕೆ ಬಗ್ಗುತ್ತಲ್ಲ, ಹಂಗೆ ಬಗ್ಗಬೇಕು ಸ್ವರ. ಬಗ್ಗಿಸ್ದಾ? ನಿಲ್ಸು. ಈಗ ಸುಮ್ನಿರು."

"ಎಷ್ಟೊತ್ತು ಅಂಕಲ್?"

"ಜನ ಇಳಿಯೋವರ್ಗೂ. ಹಿಂದಗಡೆ ಒಂದಜ್ಜಿ ಕೋಲು ಹಿಡ್ಕೊಂಡು ಇಳೀತಾ ಇದೆ ಅಂದ್ಕೊ. ನೀನು ರೈಟ್ ಅಂದ್ಬಿಟ್ರೆ ಅಜ್ಜಿ ಗತಿ?"

ಆಮೇಲೆ ಎರಡು ಚಿಕ್ಕ ಸ್ವರ — ರೈಟ್, ರೈಟ್ — ಹಾಡು ಮತ್ತೆ ಹೊರಡುತ್ತದೆ. ನಡುವಿನ ಆ ಮೌನ ಸರಿಯಾಗಿ ನಾಲ್ಕು ತಾಳದಷ್ಟು. ಮೂರೂವರೆ ಆದರೆ ಆತುರ, ನಾಲ್ಕೂವರೆ ಆದರೆ ಮರೆವು. ಏಳು ಭಾನುವಾರಗಳಲ್ಲಿ ನಾನು ಅದನ್ನು 112 ಸಲ ಪ್ರಯತ್ನಿಸಿದೆ. ಸರಿಯಾಗಿ ಕಾದದ್ದು 9 ಸಲ. ಉಳಿದ ಸಲವೆಲ್ಲ ಅರ್ಧ ತಾಳ ಮುಂಚೆ ನುಗ್ಗುತ್ತಿದ್ದೆ. ಅವರು ಒಮ್ಮೆಯೂ ತಪ್ಪಲಿಲ್ಲ. ಕಾಲಿನಿಂದ ತಾಳ ಹಾಕುತ್ತಲೂ ಇರಲಿಲ್ಲ, ಸುಮ್ಮನೆ ಬಾಗಿಲ ಕಡೆ ನೋಡುತ್ತಿದ್ದರು.

ಏಪ್ರಿಲ್ 10. ಆ ಸೋಲೋವನ್ನು ಅಂಕಲ್ಲೇ ನುಡಿಸಲಿ ಎಂದು ದಿವ್ಯಾ ಹೇಳಿದಳು. ನೇರವಾಗಿಯೇ ಹೇಳಿದಳು, ನನ್ನ ಮನಸ್ಸಿಗೆ ಬೇಜಾರಾಗಬಹುದೆಂದು ಅವಳಿಗೆ ಹೊಳೆಯಲಿಲ್ಲ. ನಾನು, "ಬೀಜ ಹಾಕೋಣ. ಅದೇ ತಾನೇ ನಮ್ಮ ಪದ್ಧತಿ?" ಎಂದೆ. ನ್ಯಾಯದ ಮಾತಿನಂತೆ ಕೇಳಿಸಿತು. ಒಳಗೆ ಏನಿತ್ತೆಂದರೆ — ಒಂದು ಸಲ, ಯಾರದೆಂದು ಗೊತ್ತಿಲ್ಲದೆ ಕೇಳಿದಾಗ, ಅವರು ನನ್ನನ್ನು ಆರಿಸಲಿ ಎಂಬ ಆಸೆ.

ಕಿರಣ್ ತಲೆ ಕೆರೆದುಕೊಂಡ. "ನುಡಿಸೋಳೂ ನೀನೇ, ಪುಸ್ತಕ ಬರೆಯೋಳೂ ನೀನೇ. ಹೆಂಗೆ ಗುರು ಇದು?"

ಉತ್ತರ ಕೊಟ್ಟವರು ರುದ್ರಯ್ಯನವರು. "ಏ ಬಿಡಪ್ಪ. ಕಂಡಕ್ಟ್ರು ಅವನ ಬಸ್ಸಲ್ಲೇ ಮನೆಗೆ ಹೋಗಬಾರ್ದಾ? ಈ ಹುಡುಗಿ ಬರ್ದಿದ್ದು ತಪ್ಪಿರಲ್ಲ."

ಮೂವರೂ ಕೆಳಗೆ ಹೋದರು. ಕೋಣೆಯಲ್ಲಿ ನಾವಿಬ್ಬರೇ. ಮೊದಲು ಅವರು ನುಡಿಸಿದರು, ಒಂದೇ ಸಲಕ್ಕೆ. ಆಮೇಲೆ ನಾನು. ನನ್ನದು ಚೆನ್ನಾಗಿಯೇ ಬಂತು ಅನ್ನಿಸಿತು. ಆದರೆ ಆ ಮೌನದಲ್ಲಿ ಅರ್ಧ ತಾಳ ಮುಂಚೆ ಹೊರಟುಬಿಟ್ಟೆ. "ಇನ್ನೊಂದ್ಸಲ ನುಡಿಸ್ತೀಯಾ?" ಎಂದು ಅವರೇ ಕೇಳಿದರು. ಬೇಡ, ಇಬ್ಬರಿಗೂ ಒಂದೇ ಅವಕಾಶ ಎಂದೆ. ಅಷ್ಟು ಹೊತ್ತಿನವರೆಗೂ ನಾನು ಪ್ರಾಮಾಣಿಕಳಾಗಿಯೇ ಇದ್ದೆ. ಚೀಟಿ ಎತ್ತಿದೆ. ಡೈರಿಯಲ್ಲಿ ಬರೆದೆ: ಎ — ನಾನು. ಬಿ — ರುದ್ರಯ್ಯ ಅಂಕಲ್. ಪುಟ ಮಡಚಿದೆ.

ಮೂವರೂ ಮೇಲೆ ಬಂದು ಕುಳಿತರು. ಎ ಹಾಕಿದೆ, ಕೇಳಿದರು. ಬಿ ಹಾಕಿದೆ. ಮಧುವಿಗೆ ಕುಳಿತಲ್ಲೆಲ್ಲ ಕಾಲು ಅಲ್ಲಾಡಿಸುವ ಚಾಳಿ. ಆ ನಾಲ್ಕು ತಾಳದ ಮೌನ ಬಂದಾಗ ಅವನ ಕಾಲು ನಿಂತಿತು. ರೈಟ್ ರೈಟ್ ಬರುವವರೆಗೂ ನಿಂತೇ ಇತ್ತು. ದಿವ್ಯಾ ಮೆಲ್ಲಗೆ, "ಅಯ್ಯೋ," ಎಂದಳು. ಲೋಟದಲ್ಲಿ ಬೀಜ ಬಿದ್ದ ಸದ್ದು ಒಂದಾದ ಮೇಲೊಂದು ಮೂರು ಸಲ ಕೇಳಿಸಿತು. ಎ ಲೋಟ ಖಾಲಿ. ಮೂರೂ ಬಿ.

ರುದ್ರಯ್ಯನವರು ಚಾಪೆಯ ಮೇಲೆ ಕುಳಿತು ಕರ್ಚೀಫಿನಿಂದ ಮೌತ್ ಆರ್ಗನ್ ಒರೆಸುತ್ತಿದ್ದರು. ತಲೆ ತಗ್ಗಿಸಿದ್ದರು. ನಗು ಕಾಣಬಾರದೆಂದು ತಗ್ಗಿಸಿದ್ದರು — ಅದು ನನಗೆ ಕಂಡಿತು. ಅವರಿಗೆ ಗೊತ್ತಿತ್ತು. ತಮ್ಮ ಉಸಿರು ಯಾರಿಗೆ ತಾನೇ ಗೊತ್ತಾಗುವುದಿಲ್ಲ?

"ಓದೇ," ಎಂದಳು ದಿವ್ಯಾ.

ಪುಟ ಬಿಚ್ಚಿದೆ. ಅಕ್ಷರಗಳು ಸ್ಪಷ್ಟವಾಗಿದ್ದವು, ನೀಲಿ ಶಾಯಿ. ಮೊದಲೇ ಯೋಚಿಸಿರಲಿಲ್ಲ ಎಂದು ಹೇಳಬಹುದು, ನಿಜವೂ ಹೌದು, ಆದರೆ ಬಾಯಿ ತೆರೆಯುವ ಹೊತ್ತಿಗೆ ನನಗೆ ಏನು ಹೇಳಲಿದ್ದೇನೆಂದು ಪೂರ್ತಿ ಗೊತ್ತಿತ್ತು.

"ಎ — ರುದ್ರಯ್ಯ ಅಂಕಲ್. ಬಿ — ನಾನು."

ಮಧು ಶಿಳ್ಳೆ ಹೊಡೆದ. "ಮಚ್ಚಾ, ಇಷ್ಟ್ ದಿನ ಎಲ್ಲಿ ಬಚ್ಚಿಟ್ಟಿದ್ಲೋ ಇವ್ಳು ಇದನ್ನ!" ಕಿರಣ್ ನನ್ನ ಬೆನ್ನು ತಟ್ಟಿದ. ದಿವ್ಯಾ ತಬ್ಬಿಕೊಂಡಳು. ಎರಡು ವರ್ಷದಿಂದ ಕಾದಿದ್ದ ಮಾತುಗಳೆಲ್ಲ ಒಂದೇ ನಿಮಿಷದಲ್ಲಿ ಬಂದವು. ಅವು ಸಿಹಿಯಾಗಿದ್ದವು. ಇದನ್ನೂ ಮುಚ್ಚಿಡಬಾರದು — ಸಿಹಿಯಾಗಿಯೇ ಇದ್ದವು.

ಕರ್ಚೀಫು ನಿಂತಿತ್ತು. "ಬಿ ನಿಂದಾ?" ಎಂದರು ರುದ್ರಯ್ಯನವರು.

"ಹೂಂ ಅಂಕಲ್."

"ಇನ್ನೊಂದ್ಸಲ ಹಾಕ್ತೀಯಾ, ಬಿ?"

ಹಾಕಿದೆ. ಬಲಗಿವಿಗೆ ಅಂಗೈ ಆನಿಸಿ, ಕಣ್ಣು ಮುಚ್ಚಿ ಕೇಳಿದರು. ನಲವತ್ತೆಂಟು ಸೆಕೆಂಡು. ಅಷ್ಟು ಹೊತ್ತಿನಲ್ಲಿ ಯಾವ ಕ್ಷಣದಲ್ಲಾದರೂ ನಾನು — ತಮಾಷೆ ಮಾಡಿದೆ ಎನ್ನಬಹುದಿತ್ತು, ತಪ್ಪಿ ಓದಿದೆ ಎನ್ನಬಹುದಿತ್ತು, ಎಲ್ಲರೂ ನಕ್ಕು ಮರೆಯುತ್ತಿದ್ದರು. ಡೈರಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದೆ. ಅವರು ಕೈ ಚಾಚಿ, ಕೊಡಮ್ಮ ನೋಡೋಣ, ಎಂದಿದ್ದರೆ ಮುಗಿಯುತ್ತಿತ್ತು. ಅವರು ಕೇಳಲಿಲ್ಲ.

ಹಾಡು ನಿಂತ ಮೇಲೆ ಹೇಳಿದರು: "ನನ್ದೇ ಅಂದ್ಕೊಂಡ್ಬಿಟ್ಟಿದ್ದೆ ಕಣಮ್ಮ. ಆ ಕಾಯೋದು... ನನ್ದೇ ಅನ್ನಿಸ್ತು." ಕರ್ಚೀಫು ಮಡಚಿ, "ಇರ್ಲಿ. ಬರ್ದಿದ್ದು ಬರ್ದಿದ್ದೇ. ಮೂವತ್ತೊಂದು ವರ್ಷ ಟಿಕೆಟ್ ಹರ್ದಿದ್ದೆಲ್ಲ ವೇಬಿಲ್ ಹಾಳೇಲಿ ಬರ್ದಿದೀನಿ. ನನ್ ತಲೆ ಒಂದು ಹೇಳಿ, ಹಾಳೆ ಇನ್ನೊಂದು ಹೇಳಿದ್ರೆ, ಯಾವತ್ತೂ ಹಾಳೇನೇ ಸರಿ ಇರ್ತಿತ್ತು. ಇಂಜಿನ್ ಸದ್ದಲ್ಲಿ ನಿಂತೂ ನಿಂತೂ ಕಿವಿ ಸವೆದಿದೆ ಅಂತ ಕಾಣುತ್ತೆ."

ಆಮೇಲೆ ನನ್ನ ತಲೆಯ ಮೇಲೆ ಕೈ ಇಟ್ಟರು. "ನಂಗಿಂತ ಚೆನ್ನಾಗಿ ಕಾಯ್ತೀಯ ನೀನು."

ಮರುದಿನ, ಸೋಮವಾರ, ಸಂಜೆ ಆರಕ್ಕೆ, ನಾನು ಡೈರಿಯ ಆ ಪುಟವನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದೆ. ಅದೇ ಪೆನ್ನಿನಲ್ಲಿ ಬೇರೆ ಹಾಳೆಯ ಮೇಲೆ ಹೊಸದಾಗಿ ಬರೆದು ಅಂಟಿಸಿದೆ — ಎ, ಅಂಕಲ್, ಬಿ, ನಾನು. ಯಾರೂ ನೋಡಲು ಕೇಳಿರಲಿಲ್ಲ. ಎ ಟೇಕನ್ನು ರೆಕಾರ್ಡಿಂಗುಗಳಿದ್ದ ನನ್ನ ಲ್ಯಾಪ್‌ಟಾಪಿನಿಂದ ಅಳಿಸಿದೆ. ಹಿಂದಿನ ದಿನದ್ದನ್ನು ಒಂದು ಕ್ಷಣದ ದುರ್ಬುದ್ಧಿ ಎಂದರೂ, ಇದನ್ನು ಏನೆನ್ನಲಿ? ಅಂಚು ನೇರವಾಗಿ ಬರಲೆಂದು ಸ್ಕೇಲ್ ಇಟ್ಟು ಕತ್ತರಿಸಿದ್ದೆ. ಕತ್ತರಿಸಿದ ಪುಟವನ್ನು ಹರಿದುಹಾಕಲಿಲ್ಲ, ಡೈರಿಯ ಹಿಂದಿನ ರಟ್ಟಿನೊಳಗೆ ಸೇರಿಸಿದೆ. ಅದು ಪಶ್ಚಾತ್ತಾಪವಲ್ಲ. ಬರೆದ ಕಾಗದವನ್ನು ಎಸೆಯುವ ಅಭ್ಯಾಸ ನನಗಿಲ್ಲ, ಅಷ್ಟೆ.

ಅವರು ಆಮೇಲೆ ಎರಡೇ ಭಾನುವಾರ ಬಂದರು. ನುಡಿಸಲಿಲ್ಲ, ಕುಳಿತು ಕೇಳಿದರು. ಜುಲೈ 17ರಂದು ರಾಜಾಜಿನಗರದ ಒಂದು ಚಿಕ್ಕ ಸಭಾಂಗಣದಲ್ಲಿ ಆಲ್ಬಂ ಬಿಡುಗಡೆಯಾಯಿತು. ಅರವತ್ತೆರಡು ಜನ. ಕೊನೆಯ ಸಾಲಿನಲ್ಲಿ ಅವರು. ವೇದಿಕೆಯ ಮೇಲೆ ನಾನು ಆ ಸೋಲೋ ನುಡಿಸಲೇಬೇಕಿತ್ತು. ನುಡಿಸಿದೆ. ಮೌನ ಬಂತು. ಒಂದು, ಎರಡು, ಮೂರು — ಎಂದಿನಂತೆ ಅರ್ಧ ತಾಳ ಮುಂಚೆ ನುಗ್ಗಿದೆ.

ಈಗ ಅವರಿಗೆ ಗೊತ್ತಾಗಿರುತ್ತದೆ, ಎಂದುಕೊಂಡೆ. ಕಾರ್ಯಕ್ರಮ ಮುಗಿದ ಮೇಲೆ ಹತ್ತಿರ ಬಂದರು. ಬೈಯಲಿ ಎಂದು ಕಾದೆ ಎಂದು ಬರೆಯಬೇಕೆನ್ನಿಸುತ್ತದೆ. ಹಾಗಲ್ಲ, ಬೈಯದಿರಲಿ ಎಂದು ಕಾದೆ.

"ಸ್ಟೇಜ್ ಮೇಲೆ ಆತುರ ಆಗೋದು ಸಹಜ ಕಣಮ್ಮ," ಎಂದರು. "ರೆಕಾರ್ಡಲ್ಲಿ ಸರ್ಯಾಗಿ ಕಾದಿದೀಯಲ್ಲ, ಅದೇ ಉಳಿಯೋದು." ಜೇಬಿನಿಂದ ತಮ್ಮ ಮೌತ್ ಆರ್ಗನ್ ತೆಗೆದು ನನ್ನ ಕೈಗೆ ಕೊಟ್ಟರು. "ಇಟ್ಕೊ. ಬಿಸಿನೀರಲ್ಲಿ ಬಟ್ಟೆ ಅದ್ದಿ ಒರ್ಸಿದೀನಿ. ನಂಗೆ ಇನ್ನು ಬೇಡ."

ಆ ದಿನದ ಡೈರಿಯಲ್ಲಿ ಇಷ್ಟೇ ಇದೆ: ಸಂಜೆ 7:10, ಅಂಕಲ್ ಮೌತ್ ಆರ್ಗನ್ ಕೊಟ್ಟರು. ಪ್ರೀತಿಯಿಂದ ಕೊಟ್ಟರು ಎಂದು ನನಗೆ ನಾನೇ ಹೇಳಿಕೊಂಡೆ.

ಮುಂದಿನ ವರ್ಷ ಮಾರ್ಚ್ 2, ಗುರುವಾರ, ಬೆಳಿಗ್ಗೆ 8:15ಕ್ಕೆ ಅವರ ಮಗಳು ಗಿರಿಜಾ ಲ್ಯಾಬಿಗೆ ಬಂದರು. ಬಿಡುಗಡೆಯ ದಿನ ನನ್ನನ್ನು ನೋಡಿದ್ದರು, ಗುರುತು ಹಿಡಿದರು. ರಕ್ತ ತೆಗೆಯುವಾಗ ಹೇಳಿದರು: "ಅಪ್ಪ ಈಗ ಒಂದು ಹಾಡೂ ಕೇಳಲ್ಲಮ್ಮ. ಕಿವಿ ಹೋಗಿದೆ ಅಂತ ಹಟ. ಕಿವಿ ಡಾಕ್ಟ್ರ ಹತ್ರ ಕರ್ಕೊಂಡ್ ಹೋದ್ವಿ. ವಯಸ್ಸಿಗೆ ತಕ್ಕಂಗೆ ಚೆನ್ನಾಗೇ ಇದೆ ಅಂದ್ರು. ನಂಬ್ತಾನೇ ಇಲ್ಲ. 'ನನ್ ಉಸ್ರು ಯಾವ್ದು, ಬೇರೆಯೋರ ಉಸ್ರು ಯಾವ್ದು ಅಂತ ಗೊತ್ತಾಗ್ದಿರೋ ಕಿವಿ ಇದ್ದೇನು ಪ್ರಯೋಜನ' ಅಂತಾರೆ. ಅಲ್ಲಿ ನಿಮ್ ಜೊತೆ ಇದ್ದಾಗ ಏನಾಯ್ತು?"

"ಏನಿಲ್ಲ ಆಂಟಿ," ಎಂದೆ. ಅವರ ಟ್ಯೂಬಿಗೆ ಅವರ ಹೆಸರಿನ ಲೇಬಲ್ಲನ್ನು ನೇರವಾಗಿ ಅಂಟಿಸಿದೆ.

ಮೊದಲನೆಯ ಸುಳ್ಳಿಗಿಂತ ಇದು ದೊಡ್ಡದು. ಏಪ್ರಿಲ್ 10ರಂದು ನಾನು ಕಸಿದದ್ದು ಒಂದು ಸೋಲೋ ಎಂದುಕೊಂಡಿದ್ದೆ. ಮಾರ್ಚ್ 2ರಂದು ನಿಜವಾಗಿ ಏನನ್ನು ಕಸಿದಿದ್ದೇನೆಂದು ನನಗೆ ತಿಳಿಯಿತು. ಹಿಂತಿರುಗಿಸಲು ಒಂದು ವಾಕ್ಯ ಸಾಕಿತ್ತು. ಕೇಳಲು ಮಗಳೇ ಬಂದು ಎದುರಿಗೆ ಕುಳಿತಿದ್ದರು. ಆಮೇಲೆ ಎರಡು ವರ್ಷ ನಾಲ್ಕು ತಿಂಗಳು ಸುಮ್ಮನಿದ್ದೆ. ರುದ್ರಯ್ಯನವರ ನಂಬರ್ ಒತ್ತಿ, ರಿಂಗ್ ಆಗುವ ಮುಂಚೆಯೇ ಕಟ್ ಮಾಡಿದ್ದು 14 ಸಲ.

ಈ ವರ್ಷ ಜುಲೈ 6ರಂದು ಎರಡನೆಯ ಆಲ್ಬಂನ ಕೆಲಸ ಶುರುವಾಗಬೇಕಿತ್ತು. ಕಿರಣ್‌ನ ಅಮ್ಮ ಹೊಸ ಹುಣಸೆಬೀಜಗಳನ್ನು ತೊಳೆದು ಒಣಗಿಸಿ ಕೊಟ್ಟಿದ್ದರು. ಲೋಟಗಳು ಬಂದವು. "ರೆಕಾರ್ಡ್ ರೂಮ್, ಪುಸ್ತಕ ತೆಗಿ," ಎಂದ ಮಧು. ತೆಗೆದೆ. ಹಳೆಯ ಡೈರಿ ತೆಗೆದು, ರಟ್ಟಿನೊಳಗಿನ ಪುಟವನ್ನು ಅವರ ಮುಂದೆ ಇಟ್ಟೆ.

ಯಾರೂ ಕೂಗಾಡಲಿಲ್ಲ. ದಿವ್ಯಾ ಪುಟವನ್ನು ಎರಡು ಸಲ ಓದಿದಳು. "ಅವ್ರು ಇನ್ನೊಂದ್ಸಲ ಹಾಕು ಅಂದ್ರಲ್ಲ... ಆಗ್ಲೂ ನೀನು..."

"ಆಗಲೂ."

ಮಧು ಬೀಜಗಳನ್ನು ಮತ್ತೆ ಕವರಿಗೆ ಹಾಕಿ ಗಂಟು ಕಟ್ಟಿದ. ಕಿರಣ್ ಗಿಟಾರ್ ತಂತಿಯನ್ನು ಒತ್ತಿ ಹಿಡಿದಿದ್ದ. ಆಮೇಲೆ ಹೇಳಿದ: "ನಾವು ಮೂರು ಜನಾನೂ ಅವ್ರಿಗೇ ಹಾಕಿದ್ವಿ ಕಣೇ. ಮೂರಕ್ಕೆ ಮೂರು. ಅದು ಅವ್ರಿಗೆ ಗೊತ್ತೇ ಆಗ್ಲಿಲ್ಲ."

ಅದೇ ಮಧ್ಯಾಹ್ನ ಕಿರಣ್, ಆಲ್ಬಂ ಇರುವ ಕಡೆಯೆಲ್ಲ ಐದನೆಯ ಹಾಡಿನಲ್ಲಿ ನನ್ನ ಹೆಸರು ತೆಗೆದು ಅವರ ಹೆಸರು ಹಾಕಿಸಿದ. ಈಗ ಟೇಕ್‌ಗಳ ಪುಸ್ತಕ ಮಧುವಿನ ಹತ್ತಿರ ಇದೆ. ಅವನು ಗಂಟೆ ಬರೆಯುವುದನ್ನು ಮರೆಯುತ್ತಾನೆ. ನಾನು ಹೋಗುವುದನ್ನು ಬಿಟ್ಟಿದ್ದೇನೆ. ಅವರು ಬಾ ಎಂದೂ ಹೇಳಿಲ್ಲ, ಬರಬೇಡ ಎಂದೂ ಹೇಳಿಲ್ಲ.

ಆ ದಿನವೇ ರುದ್ರಯ್ಯನವರ ನಂಬರನ್ನು ಪೂರ್ತಿ ಒತ್ತಿದೆ. ಹದಿನೈದನೆಯ ಸಲ. ಈ ಸಂಖ್ಯೆ ಬಳಕೆಯಲ್ಲಿಲ್ಲ ಎಂದಿತು. ಜುಲೈ 13ರಂದು ಬ್ಯಾಡರಹಳ್ಳಿಗೆ ಹೋದೆ. ಮನೆಯಲ್ಲಿ ಬೇರೆಯವರಿದ್ದರು, ಅವರಿಗೆ ಏನೂ ಗೊತ್ತಿರಲಿಲ್ಲ. ಕೆಳಗಿನ ದಿನಸಿ ಅಂಗಡಿಯವರು ಹೇಳಿದರು: "ಕಂಡಕ್ಟ್ರಾ? ಅವ್ರು ಹೋಗಿ ಒಂದ್ ವರ್ಷ ಆಯ್ತಲ್ಲಮ್ಮ. ಅಳಿಯಂಗೆ ಟ್ರಾನ್ಸ್‌ಫರ್ ಆಯ್ತು. ಚಿತ್ರದುರ್ಗ ಅಂದ್ರೋ, ಚಳ್ಳಕೆರೆ ಅಂದ್ರೋ..."

"ಮೌತ್ ಆರ್ಗನ್ ನುಡಿಸ್ತಿದ್ರಾ?"

"ಮೊದ್ಲು ಮೊದ್ಲು ಸಂಜೆ ಹೊತ್ತು ನುಡಿಸೋರು. ಆಮೇಲ್ ಕೇಳಿಸ್ಲಿಲ್ಲ. ಯಾಕೆ, ನೀವೇನಾಗ್ಬೇಕು ಅವ್ರಿಗೆ?"

ಕೆಂಗೇರಿ ಬಸ್ ನಿಲ್ದಾಣದಲ್ಲಿ ನಿವೃತ್ತ ಕಂಡಕ್ಟರುಗಳು ಕೆಲವರು ಸಂಜೆ ಸೇರುತ್ತಾರೆಂದು ತಿಳಿದು ಅಲ್ಲಿಗೆ ಎರಡು ಸಲ ಹೋದೆ. ಇಬ್ಬರಿಗೆ ಅವರ ನೆನಪಿತ್ತು. ಎಲ್ಲಿದ್ದಾರೆಂದು ಗೊತ್ತಿರಲಿಲ್ಲ. ಲ್ಯಾಬಿನ ರಿಜಿಸ್ಟರಿನಲ್ಲಿ ಗಿರಿಜಾ ಅವರ ನಂಬರ್ ಇರಬಹುದು. ಪರೀಕ್ಷೆಗೆ ಕೊಟ್ಟ ವಿವರವನ್ನು ನನ್ನ ಸ್ವಂತದ್ದಕ್ಕೆ ತೆಗೆಯುವಂತಿಲ್ಲ. ಒಂದು ದಾಖಲೆಯನ್ನು ಕೆಡಿಸಿದ್ದು ಸಾಕು.

ಅದಕ್ಕೇ ಈ ಪತ್ರಿಕೆಗೆ ಬರೆಯುತ್ತಿದ್ದೇನೆ. ಗಂಟೆ 12:25 ಆಗಿದೆ. ಅವರ ಮೌತ್ ಆರ್ಗನ್ ಮೇಜಿನ ಮೇಲೆ ಇದೆ, ಎಡತುದಿಯಲ್ಲಿ ತಗಡು ಸ್ವಲ್ಪ ತಗ್ಗಿದೆ. ನಾನು ಒಮ್ಮೆಯೂ ಬಾಯಿಗಿಟ್ಟಿಲ್ಲ. ಕ್ಷಮೆಯ ಮಾತು ಇಲ್ಲಿ ಬರೆದಿಲ್ಲ, ಅದು ಅವರ ಎದುರಿಗೆ ನಿಂತು ಕೇಳಬೇಕಾದದ್ದು. ಕೊಡುವುದೂ ಬಿಡುವುದೂ ಅವರದು. ಆದರೆ ನಿಜ ತಿಳಿಯಲು, ನಾನು ಅವರನ್ನು ಕಂಡುಹಿಡಿಯುವವರೆಗೆ ಅವರು ಕಾಯಬೇಕಾಗಿಲ್ಲ.

ರುದ್ರಯ್ಯ ಎಂಬ, ಈಗ ಅರವತ್ತೇಳು ವರ್ಷದ, ಮೂವತ್ತೊಂದು ವರ್ಷ ಸಿಟಿ ಬಸ್ಸುಗಳಲ್ಲಿ, ಹೆಚ್ಚಾಗಿ ಮಾಗಡಿ ರಸ್ತೆಯಲ್ಲಿ ಕಂಡಕ್ಟರ್ ಆಗಿದ್ದ, ಮೊದಲು ಮೌತ್ ಆರ್ಗನ್ ನುಡಿಸುತ್ತಿದ್ದು ಈಗ ನುಡಿಸದಿರುವವರು ನಿಮ್ಮ ಬೀದಿಯಲ್ಲೋ, ನೆಂಟರಲ್ಲೋ ಇದ್ದರೆ, ಇಲ್ಲವೇ ಅವರ ಮಗಳು ಗಿರಿಜಾ ನಿಮಗೆ ಪರಿಚಯವಿದ್ದರೆ, ಈ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ಚಿತ್ರದುರ್ಗ, ಚಳ್ಳಕೆರೆಯ ಕಡೆಯವರು ದಯವಿಟ್ಟು ವಿಚಾರಿಸಿ. ಮತ್ತು ಬರೆಯುವ ಮುಂಚೆ, ಅವರು ನಿಮ್ಮ ಎದುರಿಗೇ ಇದ್ದರೆ, ಮೊದಲು ಅವರಿಗೆ ಹೇಳಿ. ನನ್ನ ಬಗ್ಗೆ ಏನನ್ನೂ ಹೇಳಬೇಕಾಗಿಲ್ಲ. ಇಷ್ಟು ಹೇಳಿ ಸಾಕು — ಬಿ ನಿಮ್ಮದೇ. ನಿಮ್ಮ ಕಿವಿ ಸರಿಯಾಗಿಯೇ ಕೇಳಿತ್ತು. ಮೂರು ಬೀಜವೂ ನಿಮಗೇ ಬಿದ್ದಿದ್ದವು.